ಕಾರ್ಬನ್ ಇಳಿಸೋಕೆ ಸರ್ಕಾರದ ಜೊತೆ ಸ್ವಂತ ಇಚ್ಛೆಯ ಒಪ್ಪಂದ ಮಾಡ್ಕೊಳ್ಳೋದು ಹೇಗೆ: ಶಿವಮೊಗ್ಗ ಕಡೆಯ ಸಣ್ಣ ಯೂನಿಟ್‌ಗಳಿಗೆ ಸಮಗ್ರ ಮಾರ್ಗದರ್ಶಿ

ಕೆಲವು ವರ್ಷದ ಹಿಂದೆ ನಮ್ಮಲ್ಲೊಂದು ಕಾರ್ಯಕ್ರಮ ಆಯ್ತು. ಯಾವ ಇಲಾಖೆ, ಯಾವ ಸಂಘ ಅಂತ ಹೇಳೋಕೆ ಹೋಗಲ್ಲ, ಹೇಳಿ ಉಪಯೋಗನೂ ಇಲ್ಲ. ಸ್ಟೇಜ್ ಮೇಲೆ ಏಳೆಂಟು ಜನ, ಹಿಂದೆ ಹಸಿರು ಫ್ಲೆಕ್ಸ್, ಎಲ್ರಿಗೂ ಶಾಲು ಹಾರ, "ನಾವು ಹಸಿರುಮನೆ ಅನಿಲ ಕಡಿಮೆ ಮಾಡ್ತೀವಿ" ಅಂತ ಒಂದು ಹಾಳೆಗೆ ಸೈನು, ಆಮೇಲೆ ಕೇಸರಿಬಾತ್ ಉಪ್ಪಿಟ್ಟು. ನಾನೂ ಸೈನ್ ಹಾಕಿದ್ದೆ. ಒಂದು ವರ್ಷ ಆದ್ಮೇಲೆ ಯಾರೋ "ಎಷ್ಟು ಕಡಿಮೆ ಆಯ್ತು" ಅಂತ ಕೇಳಿದಾಗ ನನ್ನ ಹತ್ರ ಉತ್ತರನೇ ಇರ್ಲಿಲ್ಲ, ಯಾಕಂದ್ರೆ ಶುರುವಿನಲ್ಲಿ ಎಷ್ಟಿತ್ತು ಅಂತ್ಲೇ ಯಾರೂ ಬರ್ದಿಟ್ಟಿರ್ಲಿಲ್ಲ. ಆ ಶಾಲು ಇವತ್ತಿಗೂ ಬೀರುವಲ್ಲಿದೆ, ಚೆನ್ನಾಗಿದೆ.

ಅದಕ್ಕೇ ಇದನ್ನ ಬರೀತಿರೋದು. ಸರ್ಕಾರ ಮತ್ತೆ ಉದ್ಯಮ ಸೇರ್ಕೊಂಡು, ಕಾನೂನಿನ ಬಲವಂತ ಇಲ್ದೆ, ಸ್ವಂತ ಇಚ್ಛೆಯಿಂದ ಮಾಡ್ಕೊಳ್ಳೋ ಒಪ್ಪಂದ ಅಂದ್ರೆ ಸುಳ್ಳು ಅಂತ ನಾನು ಹೇಳಲ್ಲ, ಅದು ಕೆಲಸ ಮಾಡುತ್ತೆ, ಆದ್ರೆ ಸೈನ್ ಹಾಕೋದು ಕೊನೆಗೆ ಬರ್ಬೇಕು, ಬಿಲ್ ಓದೋದು ಮೊದ್ಲು ಬರ್ಬೇಕು. ನಾವು ಮಾಡೋದು ಉಲ್ಟಾ.

ನಮ್ಮದು ಸಣ್ಣ ಫೌಂಡ್ರಿ, ಅಂದ್ರೆ ಕಬ್ಬಿಣ ಕರಗಿಸಿ ಎರಕ ಹೊಯ್ಯೋ ಜಾಗ, ಪಕ್ಕದಲ್ಲೇ ಮಷಿನ್ ಶಾಪ್. ಭಾವನದು ತೀರ್ಥಹಳ್ಳಿ ಕಡೆ ಅಡಿಕೆ ಸುಲಿದು ಬೇಯಿಸೋ ಯೂನಿಟ್. ಉದಾಹರಣೆಗಳೆಲ್ಲ ಇವೆರಡರಿಂದ್ಲೇ ಬರ್ತವೆ, ರೈಸ್ ಮಿಲ್ಲು ಲಾಡ್ಜು ಇಟ್ಕೊಂಡೋರು ತಮ್ಮ ಲೆಕ್ಕಕ್ಕೆ ಬದಲಾಯಿಸ್ಕೊಳ್ಳಿ.

ಮೊದ್ಲು, ಇದೆಲ್ಲಿಂದ ಬಂತು ಅಂತ ಸ್ವಲ್ಪ

ಹೊಸ ಐಡಿಯಾ ಏನಲ್ಲ ಇದು. ಅಮೆರಿಕದ ಪರಿಸರ ಸಂಸ್ಥೆ ಇಪಿಎ 1991ರಲ್ಲಿ ಗ್ರೀನ್ ಲೈಟ್ಸ್ ಅಂತ ಶುರು ಮಾಡ್ತು, ಕಂಪನಿಗಳು ಸ್ವಂತ ಇಚ್ಛೆಯಿಂದ ಲೈಟ್ ಬದಲಾಯಿಸ್ತೀವಿ ಅಂತ ಒಪ್ಕೊಳ್ಳೋದು, ಸರ್ಕಾರ ತಾಂತ್ರಿಕ ಸಹಾಯ ಮತ್ತೆ ಹೆಸರು ಕೊಡೋದು. ಮುಂದಿನ ವರ್ಷ 1992ರಲ್ಲಿ ಎನರ್ಜಿ ಸ್ಟಾರ್ ಬಂತು, ಕಂಪ್ಯೂಟರ್ ಮೇಲೆಲ್ಲ ನೋಡಿರ್ತೀರಲ್ಲ, ಆ ನಕ್ಷತ್ರ. ಅದೇ ಹೊತ್ತಿಗೆ ನೆದರ್‌ಲ್ಯಾಂಡ್ಸ್‌ನಲ್ಲಿ ಸರ್ಕಾರ ಒಂದೊಂದೇ ಕೈಗಾರಿಕಾ ವಲಯದ ಜೊತೆ ದೀರ್ಘಾವಧಿ ಒಪ್ಪಂದ ಮಾಡ್ಕೊಳ್ತು, 1989ಕ್ಕೆ ಹೋಲಿಸಿ 2000ದ ಹೊತ್ತಿಗೆ ಶಕ್ತಿ ದಕ್ಷತೆ 20% ಸುಧಾರಿಸ್ಬೇಕು ಅಂತ. ಗುರಿ ಮುಟ್ಟಿದ್ರು. ಬ್ರಿಟನ್ 2001ರಲ್ಲಿ ಕರೆಂಟು ಗ್ಯಾಸ್ ಮೇಲೆ ಹವಾಮಾನ ತೆರಿಗೆ ಹಾಕಿ, ಒಪ್ಪಂದಕ್ಕೆ ಬಂದು ಗುರಿ ಮುಟ್ಟೋ ವಲಯಗಳಿಗೆ ಅದ್ರಲ್ಲಿ 80% ರಿಯಾಯಿತಿ ಕೊಡ್ತು.

ಇದ್ರಲ್ಲಿ ಗಮನಿಸ್ಬೇಕಾದ್ದು ಒಂದೇ. ಡಚ್ಚರದ್ದೂ ಬ್ರಿಟಿಷರದ್ದೂ ಬರೀ ಒಳ್ಳೆ ಮನಸ್ಸಿನ ಮೇಲೆ ನಿಂತಿರ್ಲಿಲ್ಲ. "ಒಪ್ಪಂದ ಮಾಡ್ಕೊಂಡು ಗುರಿ ಮುಟ್ಟಿದ್ರೆ ನಿಮಗೆ ಇಂಥದ್ದು ಸಿಗುತ್ತೆ, ಇಲ್ಲಾಂದ್ರೆ ಇಂಥದ್ದು ತಪ್ಪಲ್ಲ" ಅನ್ನೋದು ಸ್ಪಷ್ಟವಾಗಿತ್ತು. ಕೊಡು ಕೊಳ್ಳು ಎರಡೂ ಇದ್ದಲ್ಲಿ ಸ್ವಂತ ಇಚ್ಛೆಗೂ ಒಂದು ಬೆನ್ನೆಲುಬು ಬರುತ್ತೆ.

ನಮ್ಮ ದೇಶದಲ್ಲಿ ದೊಡ್ಡ ಕಾರ್ಖಾನೆಗಳಿಗೆ ಕಡ್ಡಾಯದ ದಾರಿ ಬೇರೆ ಇದೆ, 2012ರಿಂದ ಪ್ಯಾಟ್ ಸ್ಕೀಮು, ಅಂದ್ರೆ ಇಂಧನ ಉಳಿಸೋ ಗುರಿ ಕೊಟ್ಟು ಅದನ್ನ ಮೀರಿ ಉಳಿಸಿದ್ದನ್ನ ಮಾರೋಕೆ ಬಿಡೋದು, ಈಗ ಕಾರ್ಬನ್ ಕ್ರೆಡಿಟ್ ಟ್ರೇಡಿಂಗ್, ಅಂದ್ರೆ ಕಾರ್ಬನ್ ಇಳಿಸಿದ್ದಕ್ಕೆ ಸಿಗೋ ಕ್ರೆಡಿಟ್ಟಿನ ವ್ಯಾಪಾರ. ನಮ್ಮಂಥ ಸಣ್ಣೋರು ಅದ್ರಲ್ಲಿ ಬರಲ್ಲ. ಹಾಗಂತ ಯಾರೂ ಕೇಳಲ್ಲ ಅನ್ಕೋಬೇಡಿ. ಷೇರುಪೇಟೆ ನೋಡ್ಕೊಳ್ಳೋ ಸೆಬಿ ನಿಯಮದ ಪ್ರಕಾರ ಟಾಪ್ 1000 ಲಿಸ್ಟೆಡ್ ಕಂಪನಿಗಳು ಬಿಆರ್‌ಎಸ್‌ಆರ್ ಅನ್ನೋ ಪರಿಸರ ಮತ್ತೆ ಸಾಮಾಜಿಕ ಜವಾಬ್ದಾರಿಯ ವರದಿ ಕೊಡ್ಬೇಕು, ಅವ್ರು ತಮ್ಮ ಲೆಕ್ಕ ಮುಗಿಸಿ ನಿಧಾನಕ್ಕೆ ಸಪ್ಲೈಯರ್ ಕಡೆ ತಿರುಗ್ತಾರೆ. ನಮಗೆ ಕಾಸ್ಟಿಂಗ್, ಅಂದ್ರೆ ಎರಕದ ಮಾಲಿನ ಆರ್ಡರ್ ಕೊಡೋರಿಂದ ಒಂದು ಎಕ್ಸೆಲ್ ಶೀಟ್ ಬಂತು, "ಒಂದು ಕೆಜಿ ಮಾಲಿಗೆ ಎಷ್ಟು ಕಾರ್ಬನ್" ಅಂತ ಒಂದು ಕಾಲಂ. ನಾನು ಅದನ್ನ ಎರಡು ವಾರ ಖಾಲಿ ಬಿಟ್ಟಿದ್ದೆ.

ಹೆಜ್ಜೆ 1: ಹನ್ನೆರಡು ತಿಂಗಳ ಬಿಲ್ಲು ಟೇಬಲ್ ಮೇಲೆ ಹರಡಿ

ಇಲ್ಲಿ ಅರ್ಜೆಂಟ್ ಮಾಡ್ಬೇಡಿ, ಇಡೀ ಕೆಲಸದಲ್ಲಿ ಇದೇ ಮುಖ್ಯ. ಬೇಕಾಗೋದು ಇಷ್ಟು: ಮೆಸ್ಕಾಂ ಕರೆಂಟ್ ಬಿಲ್ಲು, ಜನರೇಟರ್ ಡೀಸೆಲ್ ರಸೀದಿ, ಗ್ಯಾಸ್ ಸಿಲಿಂಡರ್ ಲೆಕ್ಕ, ಸೌದೆ ಅಥ್ವಾ ಹೊಟ್ಟು ಸುಟ್ರೆ ಅದರ ತೂಕ, ಸ್ವಂತ ಗಾಡಿಗಳ ಡೀಸೆಲ್ಲು, ಎಸಿ ಇದ್ರೆ ಎಷ್ಟು ಗ್ಯಾಸ್ ತುಂಬಿಸಿದ್ರಿ ಅಂತ, ಕೊನೆಗೆ ಎಷ್ಟು ಮಾಲು ತಯಾರಾಯ್ತು ಅಂತ.

ಕಾರ್ಬನ್ ಲೆಕ್ಕದಲ್ಲಿ ಮೂರು ಬುಟ್ಟಿ ಇದೆ, ಸ್ಕೋಪ್ ಅಂತಾರೆ. ನಿಮ್ಮ ಆವರಣದಲ್ಲಿ, ನಿಮ್ಮ ಗಾಡಿಯಲ್ಲಿ ನೀವೇ ಸುಡೋದು ಸ್ಕೋಪ್ 1. ಕೊಂಡ ಕರೆಂಟು ಸ್ಕೋಪ್ 2. ಬೇರೆಯೋರ ಲಾರಿ, ಕಚ್ಚಾ ಮಾಲು ಇತ್ಯಾದಿ ಸ್ಕೋಪ್ 3. ಮೊದಲ ವರ್ಷ ಮೂರನೇ ಬುಟ್ಟಿಗೆ ಕೈ ಹಾಕ್ಬೇಡಿ ಮಾರಾಯ್ರೇ, ಅದ್ರಲ್ಲಿ ಮುಳುಗಿದೋರು ಎದ್ದು ಬಂದಿದ್ದು ಕಮ್ಮಿ.

ಗುಣಿಸೋ ನಂಬರು ಹೀಗಿವೆ. ಒಂದು ಲೀಟರ್ ಡೀಸೆಲ್ ಸುಟ್ರೆ ಸುಮಾರು 2.68 ಕೆಜಿ ಕಾರ್ಬನ್ ಡೈಆಕ್ಸೈಡ್. ಒಂದು ಕೆಜಿ ಎಲ್‌ಪಿಜಿಗೆ ಸುಮಾರು 3 ಕೆಜಿ, ಅಂದ್ರೆ 19 ಕೆಜಿಯ ಕಮರ್ಷಿಯಲ್ ಸಿಲಿಂಡರ್ ಒಂದಕ್ಕೆ 57 ಕೆಜಿ. ಗ್ರಿಡ್ ಕರೆಂಟಿಗೆ ಕೇಂದ್ರ ವಿದ್ಯುತ್ ಪ್ರಾಧಿಕಾರ ಪ್ರತಿ ವರ್ಷ ನಂಬರ್ ಕೊಡುತ್ತೆ, ಈಚೆಗೆ ಅದು ಯೂನಿಟ್ಟಿಗೆ 0.71ರಿಂದ 0.73 ಕೆಜಿ ಆಸುಪಾಸು ಇದೆ.

ಈ ಕರೆಂಟ್ ವಿಷಯದಲ್ಲಿ ನಮ್ಮ ಕಡೆ ಪ್ರತಿ ಮೀಟಿಂಗಲ್ಲೂ ಒಬ್ರು ಎದ್ದು ನಿಲ್ತಾರೆ: "ನಮ್ದು ಶರಾವತಿ ಕರೆಂಟು, ಹೊಗೆ ಎಲ್ಲಿಂದ ಬಂತು? ಜೋಗದ ನೀರಿಗೆ ಹೊಗೆ ಬರುತ್ತಾ?" ಕೇಳೋಕೆ ಸರಿಯಾಗೇ ಇದೆ. ಶರಾವತಿ ವಿದ್ಯುದಾಗಾರ 1035 ಮೆಗಾವ್ಯಾಟಿಂದು, ಊರು ಮುಳುಗಿಸ್ಕೊಂಡೋರು ನಾವು, ಹೆಮ್ಮೆ ಪಡೋ ಹಕ್ಕೂ ನಮ್ದೇ. ಆದ್ರೆ 2013ರ ಡಿಸೆಂಬರ್ 31ಕ್ಕೆ ದಕ್ಷಿಣದ ಗ್ರಿಡ್ಡು ಇಡೀ ದೇಶದ ಗ್ರಿಡ್ ಜೊತೆ ಸೇರ್ಕೊಂಡ್ಮೇಲೆ ಎಲ್ಲ ಒಂದೇ ಕೆರೆ. ಕೆರೆಗೆ ಜೋಗದ ನೀರೂ ಬೀಳುತ್ತೆ, ರಾಯಚೂರಿನ ಕಲ್ಲಿದ್ದಲ ಕರೆಂಟೂ ಬೀಳುತ್ತೆ, ನಿಮ್ಮ ಬಿಂದಿಗೆಗೆ ಬಂದಿದ್ದು ಯಾವ್ದು ಅಂತ ಹೇಳೋಕಾಗಲ್ಲ. ಲೆಕ್ಕ ಇಡೋವಾಗ ಇಡೀ ಗ್ರಿಡ್ಡಿನ ಸರಾಸರಿನೇ ಹಾಕ್ಬೇಕು.

ಒಂದು ತಿಂಗಳ ಉದಾಹರಣೆ ನೋಡಿ. ಒಂದು ಸಣ್ಣ ಫೌಂಡ್ರಿಯಲ್ಲಿ 40,000 ಯೂನಿಟ್ ಕರೆಂಟು, 300 ಲೀಟರ್ ಡೀಸೆಲ್, 6 ಸಿಲಿಂಡರ್ ಅನ್ಕೊಳ್ಳಿ. ಕರೆಂಟು 40,000 ಗುಣಿಸು 0.72, 28.8 ಟನ್. ಡೀಸೆಲ್ 804 ಕೆಜಿ. ಗ್ಯಾಸು 342 ಕೆಜಿ. ಒಟ್ಟು ಹತ್ತಿರ ಹತ್ತಿರ 30 ಟನ್. ಕಣ್ಣಿಗೆ ಕಾಣೋ ಹೊಗೆ ಜನರೇಟರಿಂದು, ಆದ್ರೆ ನೂರಕ್ಕೆ 96 ಪಾಲು ಕಾಣದೇ ಇರೋ ಕರೆಂಟಲ್ಲಿದೆ. ಈ ಲೆಕ್ಕ ಹಾಕೋ ತನಕ ನಾನು ಜನರೇಟರ್ ಬದಲಾಯಿಸೋಕೆ ಕೊಟೇಶನ್ ತರಿಸ್ತಾ ಇದ್ದೆ!

ಸೌದೆ ಲೆಕ್ಕ ಸ್ವಲ್ಪ ತಲೆನೋವು. ಮರ, ಹೊಟ್ಟು, ಅಡಿಕೆ ಸಿಪ್ಪೆ ಸುಟ್ಟಾಗ ಬರೋ ಕಾರ್ಬನ್ ಡೈಆಕ್ಸೈಡನ್ನ ಸ್ಕೋಪ್ ಒಳಗೆ ಸೇರಿಸಲ್ಲ, ಪಕ್ಕದಲ್ಲಿ ಬೇರೆಯಾಗಿ ತೋರಿಸ್ತಾರೆ, ಮತ್ತೆ ಬೆಳೆಯುತ್ತೆ ಅನ್ನೋ ನಂಬಿಕೆ ಮೇಲೆ. ತೋಟದ ಸಿಪ್ಪೆಗೆ ಅದು ಸರಿ. ಕಾಡಿಂದ ಬಂದು ಮತ್ತೆ ಯಾರೂ ಸಸಿ ನೆಡದ ಮರಕ್ಕೆ ಆ ನಂಬಿಕೆ ಎಷ್ಟು ಸರಿ ಅಂತ ನೀವೇ ಯೋಚ್ನೆ ಮಾಡಿ. ಭದ್ರಾವತಿ ಕಬ್ಬಿಣದ ಕಾರ್ಖಾನೆ ಶುರುವಾಗಿದ್ದೇ ಮಲೆನಾಡಿನ ಮರದ ಇದ್ದಲಿನ ಮೇಲೆ, ಹಳೇ ಹೆಸರಲ್ಲೇ ವುಡ್ ಡಿಸ್ಟಿಲೇಶನ್ ಅಂತಿತ್ತು. ಆ ಕಾಡು ಎಲ್ಲಿ ಹೋಯ್ತು ಅಂತ ನಮ್ಮ ಅಜ್ಜಂದಿರಿಗೆ ಗೊತ್ತಿತ್ತು.

ಲಾಡ್ಜ್ ಹೋಮ್‌ಸ್ಟೇ ಇಟ್ಕೊಂಡೋರು ಎಸಿ ಗ್ಯಾಸ್ ಮರೀಬೇಡಿ. ಆರ್-410ಎ ಗ್ಯಾಸ್ ಒಂದು ಕೆಜಿ ಸೋರಿದ್ರೆ 2 ಟನ್ನಿಗಿಂತ ಜಾಸ್ತಿ ಕಾರ್ಬನ್ ಡೈಆಕ್ಸೈಡಿಗೆ ಸಮ, ಏಳ್ನೂರು ಚಿಲ್ರೆ ಲೀಟರ್ ಡೀಸೆಲ್ ಸುಟ್ಟಂಗೆ. ಆರ್-32ರದ್ದು ಅದ್ರ ಮೂರನೇ ಒಂದು ಭಾಗ. "ಪ್ರತಿ ವರ್ಷ ಗ್ಯಾಸ್ ತುಂಬಿಸ್ತೀವಿ ಸಾರ್, ಮಾಮೂಲು" ಅಂತಾರಲ್ಲ ಮೆಕ್ಯಾನಿಕ್ಕು, ಅದು ಮಾಮೂಲಲ್ಲ, ಎಲ್ಲೋ ಲೀಕಿದೆ.

ಹೆಜ್ಜೆ 2: ಯಾವ ವರ್ಷದಿಂದ ಅಳೀಬೇಕು

ಹೋಲಿಕೆಗೆ ಇಟ್ಕೊಳ್ಳೋ ವರ್ಷನ ಬೇಸ್‌ಲೈನ್ ಅಂತಾರೆ. ಮೋಸಕ್ಕೆ ಅತಿ ಸುಲಭದ ಜಾಗ ಇದೇ. ತುಂಬಾ ಕರೆಂಟ್ ಸುಟ್ಟ ವರ್ಷನ ಬೇಸ್‌ಲೈನ್ ಮಾಡ್ಕೊಂಡ್ರೆ ಏನೂ ಮಾಡ್ದೇನೇ ಮುಂದಿನ ವರ್ಷ ಉಳಿತಾಯ ತೋರಿಸ್ಬಹುದು. ಮೋಸ ಮಾಡೋ ಮನಸ್ಸಿಲ್ದೇನೂ ತಪ್ಪಾಗುತ್ತೆ, ಮಲೆನಾಡಲ್ಲಿ ಅಂತೂ ಗ್ಯಾರಂಟಿ. ಕೊಳೆರೋಗ ಜೋರಾದ ವರ್ಷ, ಎಲೆಚುಕ್ಕೆ ಹೊಡೆದ ವರ್ಷ ಭಾವನ ಯೂನಿಟ್ಟಿಗೆ ಬರೋ ಹಸಿ ಅಡಿಕೆನೇ ಕಮ್ಮಿ, ಸೌದೆನೂ ಕಮ್ಮಿ ಉರಿಯುತ್ತೆ. ಅದನ್ನ ತೋರಿಸಿ "ನಾವು ಕಾರ್ಬನ್ ಇಳಿಸಿದ್ವಿ" ಅಂದ್ರೆ ರೋಗಕ್ಕೆ ಸನ್ಮಾನ ಮಾಡ್ದಂಗೆ. ಹಾಗಾಗಿ ಬೆಳೆ ಮೇಲೆ ನಿಂತಿರೋ ಯೂನಿಟ್ಟಾದ್ರೆ ಮೂರು ವರ್ಷದ ಸರಾಸರಿ ತಗೊಳ್ಳಿ.

ಗುರಿ ಇಡೋವಾಗಲೂ ಎರಡು ನಂಬರ್ ಬೇಕು, ಟನ್ ಮಾಲಿಗೆ ಎಷ್ಟು ಮತ್ತೆ ಒಟ್ಟಾರೆ ಎಷ್ಟು. ಹೋದ ವರ್ಷ 100 ಟನ್ ಕಾಸ್ಟಿಂಗು, ಟನ್ನಿಗೆ 1000 ಯೂನಿಟ್ಟಂತೆ ಒಂದು ಲಕ್ಷ ಯೂನಿಟ್. ಈ ವರ್ಷ ಟನ್ನಿಗೆ 900 ಮಾಡಿದ್ರಿ, ಶಭಾಷ್, 10% ಇಳೀತು, ಆದ್ರೆ ಆರ್ಡರ್ ಜಾಸ್ತಿಯಾಗಿ 150 ಟನ್ ಹೊಡೆದ್ರಿ, ಒಟ್ಟು 1,35,000 ಯೂನಿಟ್. ಆಕಾಶಕ್ಕೆ ಹೋಗಿದ್ದು 35% ಜಾಸ್ತಿ. ಮೊದಲನೇ ನಂಬರನ್ನ ಮಾತ್ರ ಫ್ಲೆಕ್ಸ್ ಮೇಲೆ ಹಾಕೋದು ಪ್ರಪಂಚದ ದೊಡ್ಡ ದೊಡ್ಡೋರೂ ಮಾಡಿದ ಕೆಲಸ. ಬೆಳೀತಿರೋ ಸಣ್ಣ ಯೂನಿಟ್ಟಿಗೆ ಟನ್ ಮಾಲಿಗೆ ಇಷ್ಟು ಅನ್ನೋ ಗುರಿ ತಪ್ಪಲ್ಲ, ಆದ್ರೆ ಒಟ್ಟು ಲೆಕ್ಕನ ಮುಚ್ಚಿಡಬಾರ್ದು.

ಹೆಜ್ಜೆ 3: ಸೈನಿಗೆ ಮುಂಚೆ ಒಂದೆರಡು ಕಡೆ ಕೈ ಹಾಕಿ ನೋಡಿ

ಎಷ್ಟು ಇಳಿಸ್ಬಹುದು ಅಂತ ಗೊತ್ತಿಲ್ದೇ ಗುರಿ ಒಪ್ಕೋಬಾರ್ದು. ಬಿಇಇ, ಅಂದ್ರೆ ಕೇಂದ್ರದ ಇಂಧನ ದಕ್ಷತಾ ಬ್ಯೂರೋ, ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಟ್ಟಿರೋ ಎನರ್ಜಿ ಆಡಿಟರ್ ಇರ್ತಾರೆ, ಅವ್ರನ್ನ ಕರೆಸೋದು ಸರಿಯಾದ ದಾರಿ. ಆದ್ರೆ ಅವ್ರು ಬರೋಕೆ ಮುಂಚೆ ಕಾಸು ಖರ್ಚಿಲ್ದೇ ನೀವೇ ಮಾಡೋದು ಸುಮಾರಿದೆ.

ನಾನು ಮಾಡಿದ್ದು ಕಂಪ್ರೆಸರ್ ಟೆಸ್ಟು. ಭಾನುವಾರ, ಎಲ್ಲ ಮಷಿನ್ ಬಂದ್, ಗಾಳಿ ಎಲ್ಲೂ ಬಳಸ್ತಿಲ್ಲ, ಕಂಪ್ರೆಸರ್ ಒಂದೇ ಆನ್. ಗಾಳಿ ಯಾರೂ ತಗೊಳ್ತಿಲ್ಲ ಅಂದ್ರೆ ಅದು ಒಮ್ಮೆ ತುಂಬಿಸಿ ಸುಮ್ನಾಗ್ಬೇಕು ತಾನೆ? ಮೊಬೈಲ್ ಸ್ಟಾಪ್‌ವಾಚ್ ಹಿಡ್ಕೊಂಡು ಕೂತೆ. 2 ನಿಮಿಷ ಲೋಡಲ್ಲಿ, ಅಂದ್ರೆ ಗಾಳಿ ತುಂಬಿಸ್ತಾ ಓಡ್ತು, 4 ನಿಮಿಷ ಅನ್‌ಲೋಡು, ಮತ್ತೆ 2 ನಿಮಿಷ ಲೋಡು. ಲೋಡಿನ ಹೊತ್ತನ್ನ ಒಟ್ಟು ಹೊತ್ತಿಂದ ಭಾಗಿಸಿ: 6ರಲ್ಲಿ 2, ಮೂರನೇ ಒಂದು ಭಾಗ ಗಾಳಿ ಸೋರ್ತಾ ಇದೆ. 10% ಒಳಗಿದ್ರೆ ಚೆನ್ನಾಗಿಟ್ಕೊಂಡಿದ್ದಾರೆ ಅಂತ ಅರ್ಥ. ಆಮೇಲೆ ನಮ್ಮ ಹಳೇ ಫಿಟ್ಟರು ಸೋಪಿನ ನೊರೆ ಬಕೆಟ್ಟು, ಪೇಂಟ್ ಬ್ರಷ್ಷು ತಗೊಂಡು ಒಂದೊಂದು ಜಾಯಿಂಟಿಗೂ ಬಳಿದ್ರು, ಗುಳ್ಳೆ ಎದ್ದಲ್ಲೆಲ್ಲ ಚಾಕ್‌ಪೀಸಲ್ಲಿ ರೌಂಡು. ಹದಿನಾಲ್ಕು ರೌಂಡಾಯ್ತು. "ಎಂತ ಸ್ವಾಮಿ, ಇಷ್ಟು ವರ್ಷ ಗಾಳಿಗೆ ದುಡ್ಡು ಕೊಟ್ರಲ್ಲ" ಅಂದ್ರು, ನಗಾಡ್ಕೊಂಡೇ. ರಿಪೇರಿಗೆ ಆಗಿದ್ದು ಹೋಸ್ ಕ್ಲಾಂಪು, ಟೆಫ್ಲಾನ್ ಟೇಪು, ಎರಡು ಕಪ್ಲಿಂಗು. ಲೀಕ್ ನಿಂತ್ಮೇಲೆ ಪ್ರೆಶರ್ ಸೆಟ್ಟಿಂಗೂ ಇಳಿಸ್ಬಹುದು, ಒಂದು ಬಾರ್ ಇಳಿಸಿದ್ರೆ ಕಂಪ್ರೆಸರ್ ಕರೆಂಟು ಸುಮಾರು 6-7% ಇಳಿಯುತ್ತೆ.

ಫರ್ನೇಸ್ ಕತೆ ಇನ್ನೊಂದು. ಒಂದು ಟನ್ ಕಬ್ಬಿಣ ಕರಗಿಸಿ 1500 ಡಿಗ್ರಿಗೆ ತರೋಕೆ ಪುಸ್ತಕದ ಲೆಕ್ಕದಲ್ಲಿ 390 ಯೂನಿಟ್ ಸಾಕು. ಕರೆಂಟಿಂದ ಕಾಯೋ ಇಂಡಕ್ಷನ್ ಫರ್ನೇಸಲ್ಲಿ ಚೆನ್ನಾಗಿ ನಡೆಸಿದ್ರೆ 550ರಿಂದ 600 ಬರುತ್ತೆ, ನಮ್ಮದು 700 ದಾಟಿತ್ತು. ಫರ್ನೇಸ್ ಹಳೇದು, ಹೊಸದು ತರ್ಬೇಕು ಅಂತ ನಾನು ವಾದ ಮಾಡ್ತಿದ್ದೆ. ಒಂದು ದಿನ ಪೂರ್ತಿ ಪಕ್ಕದಲ್ಲಿ ನಿಂತು ನೋಡಿದ್ರೆ ಗೊತ್ತಾಯ್ತು, ಲೋಹ ರೆಡಿಯಾಗಿ ಕಾಯ್ತಾ ಇದೆ, ಎರಕ ಹೊಯ್ಯೋ ಮೋಲ್ಡ್ ಇನ್ನೂ ರೆಡಿಯಿಲ್ಲ, ಅಷ್ಟೊತ್ತೂ ಕರೆಂಟ್ ಕುಡೀತಾನೇ ಇದೆ, ಮುಚ್ಚಳ ಗೋಡೆಗೆ ಒರಗಿ ನಿಂತಿದೆ, ಹಿಂದಿನ ಎರಕದಿಂದ ಕತ್ತರಿಸಿ ವಾಪಸ್ ಬಂದ ತುಂಡುಗಳಿಗೆ (ರನ್ನರು, ರೈಸರು) ಅಂಟಿರೋ ಮರಳನ್ನೂ ಕಬ್ಬಿಣದ ಜೊತೆ ಬೇಯಿಸ್ತಾ ಇದೀವಿ. ಮೋಲ್ಡಿಂಗ್ ಮೇಸ್ತ್ರಿ ಮತ್ತೆ ಫರ್ನೇಸ್ ಆಪರೇಟರ್ ಇಬ್ರಿಗೂ ಮಾತೇ ಇರ್ಲಿಲ್ಲ ಆಗ, ಯಾವ್ದೋ ಹಬ್ಬದ ಬೋನಸ್ ಜಗಳ. ಇಬ್ರನ್ನೂ ಕೂರಿಸಿ ಕಾಫಿ ಕುಡಿಸಿದ್ದು ನನ್ನ ಮೊದಲ ಹವಾಮಾನ ಯೋಜನೆ ಅಂತ ಹೇಳ್ಬಹುದು.

ಬ್ಲೋವರು ಫ್ಯಾನು ಇದ್ದೋರಿಗೆ: ಡ್ಯಾಂಪರ್, ಅಂದ್ರೆ ಗಾಳಿ ದಾರಿಯ ತಡೆಬಾಗಿಲು, ಅರ್ಧ ಮುಚ್ಚಿ ಗಾಳಿ ಕಮ್ಮಿ ಮಾಡೋ ಬದ್ಲು ಮೋಟಾರ್ ಸ್ಪೀಡ್ ಹೊಂದಿಸೋ ವಿಎಫ್‌ಡಿ ಹಾಕಿ ಸ್ಪೀಡ್ ಇಳಿಸಿ. ಸ್ಪೀಡ್ 20% ಇಳಿಸಿದ್ರೆ ಕರೆಂಟು ಹೆಚ್ಚು ಕಮ್ಮಿ ಅರ್ಧ ಆಗುತ್ತೆ. ರೈಸ್ ಮಿಲ್ಲೋರಿಗೆ ಇದು ಬಂಗಾರ.

ಸೋಲಾರ್ ಬಗ್ಗೆ ಎಲ್ರೂ ಮೊದ್ಲು ಕೇಳ್ತಾರೆ, ನಾನು ಕೊನೆಗೆ ಹೇಳ್ತೀನಿ. ಹಾಕಿ, ಒಳ್ಳೇದೇ. ಆದ್ರೆ ಬಯಲುಸೀಮೆ ಲೆಕ್ಕ ಹಿಡ್ಕೊಂಡು ಬರೋ ಏಜೆಂಟ್ ಮಾತು ಕೇಳಿ ತೀರ್ಥಹಳ್ಳಿ ಹೊಸನಗರದಲ್ಲಿ ಗುರಿ ಬರೀಬೇಡಿ. ಜೂನಿಂದ ಸೆಪ್ಟೆಂಬರ್ ತನಕ ಸೂರ್ಯನ ಮುಖನೇ ಅಪರೂಪ, ಜೊತೆಗೆ ಪ್ಯಾನೆಲ್ ಅಂಚಲ್ಲಿ ಪಾಚಿ ಕಟ್ಟುತ್ತೆ, ಭಾವ ಅದನ್ನ ತೆಂಗಿನ ನಾರಲ್ಲಿ ತಿಕ್ಕೋಕೆ ಹೋಗಿ ಬೈಸ್ಕೊಂಡ್ರು.

ಹೆಜ್ಜೆ 4: ಜೊತೆ ಕಟ್ಕೊಳ್ಳಿ

ಒಂಟಿ ಯೂನಿಟ್ ಜೊತೆ ಸರ್ಕಾರ ಒಪ್ಪಂದ ಮಾಡಲ್ಲ, ಮಾಡಿದ್ರೂ ಅರ್ಥ ಇಲ್ಲ. ಐದಾರು ಜನ ಸಾಕು ಶುರುವಿಗೆ, ಒಂದೇ ಥರದ ಕೆಲಸ ಮಾಡೋರಾದ್ರೆ ಉತ್ತಮ. ಮಾಚೇನಹಳ್ಳಿ, ಆಟೋ ಕಾಂಪ್ಲೆಕ್ಸ್ ಥರದ ಕೈಗಾರಿಕಾ ಪ್ರದೇಶದ ಕಡೆ ಪಕ್ಕ ಪಕ್ಕದಲ್ಲೇ ಇದ್ರೂ ಒಬ್ರ ಗೇಟ್ ಒಳಗೆ ಇನ್ನೊಬ್ರು ಕಾಲಿಟ್ಟಿರಲ್ಲ, ಯಾಕಂದ್ರೆ ಎಲ್ರೂ ಒಂದೇ ಕಸ್ಟಮರ್ ಹಿಂದೆ ಓಡೋರು. ಕರೆಂಟ್ ಯೂನಿಟ್ಟು, ಟನ್ ಲೆಕ್ಕ ಹೇಳಿದ್ರೆ ನನ್ನ ರೇಟು ಗೊತ್ತಾಗ್ಬಿಡುತ್ತೆ ಅನ್ನೋ ಭಯ, ಸುಳ್ಳು ಭಯ ಅಲ್ಲ ಅದು. ಇದಕ್ಕೆ ಪರಿಹಾರ ಒಬ್ಬ ಮೂರನೆಯೋರು. ಡೇಟಾ ಎಲ್ಲ ಅವ್ರಿಗೇ ಹೋಗ್ಬೇಕು, ಹೊರಗೆ ಬರೋದು ಒಟ್ಟು ಮೊತ್ತ, ಮತ್ತೆ ಎ, ಬಿ, ಸಿ ಅಂತ ಹೆಸರಿಲ್ದೇ ಟನ್ ಲೆಕ್ಕ. ನಂಬಿಕಸ್ತ ಆಡಿಟರ್ ಆಗ್ಬಹುದು, ಇಂಜಿನಿಯರಿಂಗ್ ಕಾಲೇಜಿನ ಮೇಷ್ಟ್ರು ಆಗ್ಬಹುದು, ಹುಡುಗ್ರಿಗೆ ಪ್ರಾಜೆಕ್ಟೂ ಆಯ್ತು.

ಹೆಜ್ಜೆ 5: ಯಾವ ಬಾಗಿಲಿಗೆ ಏನು ಕೇಳ್ಬೇಕು

ಇಲ್ಲಿ ನಮ್ಮೋರು ಎಡವೋದು. ಡಿಸಿ ಆಫೀಸಿಗೆ ಹೋಗಿ "ಸಬ್ಸಿಡಿ ಕೊಡಿ ಸಾರ್" ಅಂದ್ರೆ ಅವ್ರು ಏನ್ ಮಾಡ್ತಾರೆ ಪಾಪ. ಆ ಟೇಬಲ್ ಹತ್ರ ಕೊಡೋಕೆ ಏನಿದೆಯೋ ಅದನ್ನ ಕೇಳ್ಬೇಕು.

ಜಿಲ್ಲಾ ಕೈಗಾರಿಕಾ ಕೇಂದ್ರನ ಮನೆ ಯಜಮಾನ ಮಾಡ್ಕೊಳ್ಳಿ. ಮೀಟಿಂಗ್ ಕರೆಯೋದು, ಬೇರೆ ಇಲಾಖೆಗೆ ಪತ್ರ ಬರೆಯೋದು ಅವ್ರಿಂದ ಸುಲಭ. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಏಕಗವಾಕ್ಷಿ ಸಮಿತಿ ಇರುತ್ತಲ್ಲ, ಅಲ್ಲಿ ನಿಮ್ಮ ವಿಷಯ ಒಂದು ಸಾಲಾಗಿ ಅಜೆಂಡಾದಲ್ಲಿ ಬರೋ ಹಾಗೆ ನೋಡ್ಕೊಳ್ಳಿ, ನಡಾವಳಿಯಲ್ಲಿ ಬರೆದಿದ್ದಕ್ಕೆ ಒಂದು ತೂಕ ಇರುತ್ತೆ.

ಮೆಸ್ಕಾಂ ಹತ್ರ ಕೇಳ್ಬೇಕಾದ್ದು ಡೇಟಾ: ಮೀಟರಿನ ಲೋಡ್ ಸರ್ವೆ (ಯಾವ ಹೊತ್ತಲ್ಲಿ ಎಷ್ಟು ಕರೆಂಟ್ ಅನ್ನೋದು), ಪವರ್ ಫ್ಯಾಕ್ಟರ್ (ಎಳೆದ ಕರೆಂಟಲ್ಲಿ ಎಷ್ಟು ಕೆಲಸಕ್ಕೆ ಬಂತು ಅನ್ನೋದು) ವಿವರ, ಸೋಲಾರ್ ಹಾಕಿದ್ರೆ ಅರ್ಜಿ ಇಷ್ಟು ದಿನದಲ್ಲಿ ಮುಗಿಸ್ತೀವಿ ಅನ್ನೋ ಮಾತು. ಕ್ರೆಡಲ್ ನಮ್ಮ ರಾಜ್ಯದಲ್ಲಿ ಇಂಧನ ಉಳಿತಾಯ ಕಾಯ್ದೆ ಕೆಲಸ ನೋಡ್ಕೊಳ್ಳೋ ಸಂಸ್ಥೆ, ಆಡಿಟ್ ಮತ್ತೆ ತರಬೇತಿ ವಿಷಯ ಅಲ್ಲಿಗೆ.

ದುಡ್ಡಿನ ವಿಷಯಕ್ಕೆ ಕೇಂದ್ರದ ಅದಿತಿ ಅಂತ ಸ್ಕೀಮಿದೆ, ಬಿಇಇದು, 2025ರ ಜುಲೈನಲ್ಲಿ ಶುರುವಾಗಿದ್ದು, ಒಟ್ಟು 1000 ಕೋಟಿದು. ದಕ್ಷತೆಯ ಮಷಿನರಿಗೆ ಬ್ಯಾಂಕ್ ಸಾಲ ತಗೊಂಡ್ರೆ ಬಡ್ಡಿಯಲ್ಲಿ ಸೂಕ್ಷ್ಮ ಮತ್ತೆ ಸಣ್ಣ ಯೂನಿಟ್ಟಿಗೆ 5%, ಮಧ್ಯಮಕ್ಕೆ 3% ಸರ್ಕಾರ ಭರಿಸುತ್ತೆ. ಆಡಿಟ್ಟಿಗೂ ಯೋಜನಾ ವರದಿಗೂ ಸಹಾಯ ಇದೆ. ಕನಿಷ್ಠ 10% ಇಂಧನ ಉಳಿತಾಯ ತೋರಿಸ್ಬೇಕು. ಫೌಂಡ್ರಿ, ಇಟ್ಟಿಗೆ, ಆಹಾರ ಸಂಸ್ಕರಣೆ ಎಲ್ಲ ಸೇರಿ 14 ವಲಯ, ಮೊದಲ ಹಂತದಲ್ಲಿ 60 ಕ್ಲಸ್ಟರು, ಹಾಗಾಗಿ ಕೊಟೇಶನ್ ತರಿಸೋಕೆ ಮುಂಚೆ ನಿಮ್ಮ ವಲಯ, ನಿಮ್ಮ ಕ್ಲಸ್ಟರ್ ಪಟ್ಟಿಯಲ್ಲಿದೆಯಾ ಅಂತ ಕೇಳ್ಕೊಳ್ಳಿ.

ಮಾಲಿನ್ಯ ಮಂಡಳಿ ಅಂದ್ರೆ ಎಲ್ರಿಗೂ ಹೆದರಿಕೆ. ಒಂದು ತಿಳ್ಕೊಳ್ಳಿ, ಸ್ವಂತ ಇಚ್ಛೆಯ ಒಪ್ಪಂದ ಮಾಡ್ಕೊಂಡ್ರೆ ಕಾನ್ಸೆಂಟ್, ಅಂದ್ರೆ ಮಂಡಳಿ ಕೊಡೋ ಅನುಮತಿಯ ಷರತ್ತು ಸಡಿಲ ಆಗಲ್ಲ, ಆಗ್ಲೂಬಾರ್ದು. ಇದು ಕಾನೂನಿನ ಮೇಲೆ ಮಾಡೋ ಹೆಚ್ಚುವರಿ. ಚಿಮಣಿ, ಮರಳು ವಿಲೇವಾರಿ ಸರಿಯಿಲ್ದೋರು ಮೊದ್ಲು ಅದನ್ನ ಸರಿ ಮಾಡ್ಕೊಂಡು ಆಮೇಲೆ ಈ ಗುಂಪಿಗೆ ಬನ್ನಿ, ಇಲ್ಲಾಂದ್ರೆ ಎಲ್ರ ಮಾನ ಹೋಗುತ್ತೆ.

ಅಡಿಕೆ ಕಡೆಯೋರಿಗೆ ದೊಡ್ಡ ಆಫೀಸೇ ಬೇಡ, ಗ್ರಾಮ ಪಂಚಾಯ್ತಿ ಸಾಕು. ಸೀಸನ್ನಲ್ಲಿ ರಸ್ತೆ ಬದಿ ಸಿಪ್ಪೆ ರಾಶಿ ಹಾಕಿ ಬೆಂಕಿ ಕೊಡೋದು, ವಾರಗಟ್ಟಲೆ ಹೊಗೆಯಾಡೋದು, ಬೈಕಲ್ಲಿ ಹೋಗೋರಿಗೆ ಕಣ್ಣು ಬಿಡೋಕಾಗದೇ ಇರೋದು ನಮಗೇನು ಹೊಸದಾ. ಪಂಚಾಯ್ತಿ ಒಂದು ಜಾಗ ಕೊಡ್ಲಿ, ತೋಟದ ಫಸಲು ಗುತ್ತಿಗೆ ಹಿಡಿಯೋ ಚೇಣಿದಾರ್ರು ಸಿಪ್ಪೆನ ಅಲ್ಲಿಗೇ ಹಾಕ್ಲಿ, ಒಂದು ಪಾಲು ಗೊಬ್ಬರಕ್ಕೆ, ಒಣಗಿದ್ದು ಬೇಯಿಸೋ ಒಲೆಗೇ ವಾಪಸ್. ಭಾವ ತಮ್ಮ ಹಂಡೆ ಒಲೆಗೆ ಕೆಳಗಿಂದ ಗಾಳಿ ಬರೋ ಜಾಲರಿ, ಸರಿಯಾದ ಚಿಮಣಿ ಕಟ್ಟಿಸಿ ಸಿಪ್ಪೆನೇ ಉರಿಸ್ತಾರೆ ಈಗ, ಸೌದೆ ಲೋಡು ಕೊಳ್ಳೋದು ಎದ್ದು ಕಾಣೋ ಹಾಗೆ ಇಳಿದಿದೆ. ಹಸಿ ಸಿಪ್ಪೆ ಮಾತ್ರ ಹಾಕ್ಬಾರ್ದು, ಹೊಗೆ ಬಂದು ಅಡಿಕೆ ಬಣ್ಣನೇ ಕೆಡುತ್ತೆ, ಆಮೇಲೆ ಮಂಡಿಯಲ್ಲಿ ರಾಶಿ ಇಡಿ ಅನ್ನೋ ದರ್ಜೆಯ ರೇಟೂ ಸಿಗಲ್ಲ. ಅವ್ರಿಗೆ ಕಾರ್ಬನ್ ಅಂದ್ರೆ ತಲೆಗೆ ಹೋಗಲ್ಲ, ರೇಟ್ ಅಂದ್ರೆ ಹೋಗುತ್ತೆ. ನಡೀಲಿ ಬಿಡಿ.

ಹೆಜ್ಜೆ 6: ಒಪ್ಪಂದದ ಹಾಳೆ

ಎರಡು ಪುಟ ದಾಟ್ಬಾರ್ದು. ನಾವು ಬರ್ಕೊಂಡಿದ್ದು ಹೆಚ್ಚು ಕಮ್ಮಿ ಹೀಗಿದೆ, ಸರ್ಕಾರಿ ಕನ್ನಡದಲ್ಲೇ ಬರೀರಿ, ಅವ್ರಿಗೆ ಓದೋಕೆ ಹಿತ:

"ಸಹಿ ಮಾಡಿರುವ ಘಟಕಗಳು ಹಿಂದಿನ ಮೂರು ವರ್ಷಗಳ ಸರಾಸರಿಯನ್ನು ಆಧಾರವಾಗಿಟ್ಟುಕೊಂಡು, ಪ್ರತಿ ಟನ್ ಉತ್ಪಾದನೆಗೆ ಬಳಸುವ ವಿದ್ಯುತ್ ಹಾಗೂ ಇಂಧನವನ್ನು ಮೂರು ವರ್ಷಗಳಲ್ಲಿ ಶೇ. 12ರಷ್ಟು ತಗ್ಗಿಸಲು ಪ್ರಯತ್ನಿಸತಕ್ಕದ್ದು. ಒಟ್ಟು ಹೊರಸೂಸುವಿಕೆಯ ಪ್ರಮಾಣವನ್ನೂ ಪ್ರತಿ ಆರು ತಿಂಗಳಿಗೊಮ್ಮೆ ಪ್ರಕಟಿಸತಕ್ಕದ್ದು. ಇಲಾಖೆಯು ಮೂರು ತಿಂಗಳಿಗೊಮ್ಮೆ ಪರಿಶೀಲನಾ ಸಭೆ ಕರೆಯತಕ್ಕದ್ದು ಹಾಗೂ ಘಟಕಗಳು ಕೋರಿದ ಮಾಹಿತಿಯನ್ನು 30 ದಿನಗಳೊಳಗೆ ಒದಗಿಸತಕ್ಕದ್ದು. ಸತತ ಎರಡು ಬಾರಿ ಅಂಕಿಅಂಶ ನೀಡದ ಘಟಕದ ಹೆಸರನ್ನು ಪಟ್ಟಿಯಿಂದ ಕೈಬಿಡಲಾಗುವುದು."

12% ಅನ್ನೋದು ನಮ್ಮ ಆಡಿಟಲ್ಲಿ ಸಿಕ್ಕಿದ್ದರ ಮೇಲೆ ಇಟ್ಟಿದ್ದು, ನಿಮ್ಮದು ನಿಮಗೆ. ಆದ್ರೆ ಆ ಕೊನೆ ಸಾಲು ಬಿಡ್ಬೇಡಿ. ಕೋರ್ಟಿಗೆ ಹೋಗೋ ಒಪ್ಪಂದ ಅಲ್ಲ ಇದು, ದಂಡ ಇಲ್ಲ, ಇರೋದು ಹೆಸರು ಕೈಬಿಡೋ ಮಾತೊಂದೇ. ಅದನ್ನ ಹಾಕೋಕೆ ನಮ್ಮ ಗುಂಪಲ್ಲೇ ಒಬ್ರು ಮುನಿಸ್ಕೊಂಡ್ರು, "ನಮ್ಮ ನಮ್ಮಲ್ಲೇ ಎಂತಕ್ಕೆ" ಅಂತ. ನಮ್ಮ ನಮ್ಮಲ್ಲೇ ಆದ್ದರಿಂದ್ಲೇ ಬೇಕು.

ಇಲಾಖೆ ಕಡೆಯ ಜವಾಬ್ದಾರಿನೂ ತಕ್ಕದ್ದು ತಕ್ಕದ್ದು ಅಂತ್ಲೇ ಬರಬೇಕು. "ಸಹಕರಿಸಲಾಗುವುದು" ಅಂತ ಇದ್ರೆ ಹೊಡೆದು ಹಾಕಿ, ಆ ಪದಕ್ಕೆ ಅರ್ಥನೇ ಇಲ್ಲ.

ಹೆಜ್ಜೆ 7: ಮೂರು ತಿಂಗಳಿಗೊಮ್ಮೆ ನಂಬರು

ಒಂದು ಹಾಳೆ, ಐದು ಕಾಲಂ: ತಿಂಗಳು, ಕರೆಂಟು, ಇಂಧನ, ಮಾಲು, ಟನ್ನಿಗೆ ಎಷ್ಟು. ಬರೆಯೋರು ಯಾರು ಅಂತ ಹೆಸರು ಹಾಕಿ, ಮಾಲೀಕರ ಹೆಸರಲ್ಲ, ದಿನಾ ಮೀಟರ್ ಹತ್ರ ಹೋಗೋರ ಹೆಸರು. ಜಾಸ್ತಿಯಾದ ತಿಂಗಳಿಗೆ ಕಾರಣನೂ ಒಂದು ಸಾಲು ಬರೀರಿ. ನಮ್ಮದ್ರಲ್ಲಿ ಒಂದ್ಸಲ "ಲೈನಿಂಗ್ ಹೋಯ್ತು, ಹೊಸದು ಹಾಕಿದ್ವಿ" ಅಂತಿದೆ, ಇನ್ನೊಂದ್ಸಲ "ಮಾರಿ ಜಾತ್ರೆ, ಅರ್ಧ ಜನ ಇಲ್ಲ, ಫರ್ನೇಸ್ ಖಾಲಿ ಕಾದಿದೆ" ಅಂತಿದೆ.

ಈ ಹಂತದಲ್ಲಿ ಕಾರ್ಬನ್ ಕ್ರೆಡಿಟ್ ಏಜೆಂಟುಗಳು ವಾಸನೆ ಹಿಡಿದು ಬರ್ತಾರೆ. 2023ರ ಜೂನಲ್ಲಿ ಕೇಂದ್ರ ಕ್ರೆಡಿಟ್ ಟ್ರೇಡಿಂಗ್ ಸ್ಕೀಮ್ ಅಧಿಸೂಚನೆ ಮಾಡಿದೆ, ಅದ್ರಲ್ಲಿ ಕಡ್ಡಾಯ ಇಲ್ದೋರೂ ಸ್ವಂತ ಇಚ್ಛೆಯಿಂದ ಯೋಜನೆ ನೋಂದಾಯಿಸೋಕೆ ದಾರಿ ಇದೆ, ಅದು ನಿಜ. ಆದ್ರೆ ಯೋಜನೆ ಬರೆಸೋದು, ತಪಾಸಣೆ ಮಾಡಿಸೋದು ಎಲ್ಲದಕ್ಕೂ ಖರ್ಚಿದೆ, ವರ್ಷಕ್ಕೆ ಮೂವತ್ತು ನಲವತ್ತು ಟನ್ ಉಳಿಸೋ ಯೂನಿಟ್ಟಿಗೆ ಆ ಲೆಕ್ಕ ಕೂಡಲ್ಲ. ತೋಟಕ್ಕೆ ಎಕರೆಗಿಷ್ಟು ಅಂತ ಹೇಳಿ ಮೊದ್ಲೇ ನೋಂದಣಿ ಫೀಸ್ ಕೇಳೋರಿಗೆ ಒಂದು ಲೋಟ ನೀರು ಬೆಲ್ಲ ಕೊಟ್ಟು ಕಳ್ಸಿ.

ಕೊನೇದು ವರ್ಗಾವಣೆ. ನೀವು ಎಷ್ಟೇ ಚೆನ್ನಾಗಿ ಮಾಡಿ, ನಿಮ್ಮ ವಿಷಯ ಅರ್ಥ ಮಾಡ್ಕೊಂಡಿದ್ದ ಅಧಿಕಾರಿ ಒಂದು ದಿನ ಬೀದರಿಗೋ ಚಾಮರಾಜನಗರಕ್ಕೋ ಹೋಗ್ತಾರೆ. ನಮ್ಮ ಗುಂಪಿಗೂ ಹಾಗೇ ಆಯ್ತು, ಆರು ತಿಂಗಳು ಮೀಟಿಂಗೇ ಇಲ್ಲ, ಫೈಲ್ ಎಲ್ಲಿದೆ ಅಂತ ಕೇಳಿದ್ರೆ "ಹುಡುಕ್ತಿದೀವಿ ಸಾರ್". ಈಗ ನಾವೇ ಒಂದು ಫೈಲ್ ಇಟ್ಟಿದೀವಿ, ಒಪ್ಪಂದದ ಪ್ರತಿ, ಪ್ರತಿ ಮೀಟಿಂಗಿನ ನಡಾವಳಿ, ಎಲ್ಲ ಮೂರು ತಿಂಗಳ ಹಾಳೆ, ಮೇಲ್ಗಡೆ ಒಂದೇ ಪುಟದ ಸಾರಾಂಶ. ಹೊಸ ಸಾಹೇಬ್ರು ಬಂದ ವಾರದಲ್ಲೇ ಇಬ್ರು ಹೋಗ್ತೀವಿ, ಹೂವಿನ ಬುಕ್ಕೆ ತಗೊಂಡ್ ಹೋಗಲ್ಲ, ಆ ಫೈಲಿನ ಒಂದು ಪ್ರತಿ ಟೇಬಲ್ ಮೇಲಿಟ್ಟು, ಸ್ವೀಕೃತಿ ಸೀಲ್ ಹಾಕಿಸ್ಕೊಂಡು, ಮುಂದಿನ ಮೀಟಿಂಗ್ ತಾರೀಕು ಡೈರಿಯಲ್ಲಿ ಬರೆಸಿ ಆಮೇಲೆ ಎದ್ದು ಬರ್ತೀವಿ.